ನೂಲೋಣಿ ಸಂಘದ ಕಂಪ್ಯೂಟರ್

ಮೊಳಕಾಲ್ಮೂರಿನ ನೂಲೋಣಿ ನೇಕಾರರ ಸಂಘದಲ್ಲಿ ದಾಕ್ಷಾಯಿಣಿ ಗುಮಾಸ್ತೆ. ಬೆಳಿಗ್ಗೆ ಬಂದವಳೇ ಮೊದಲು ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದಳು. ಆಮೇಲೆ ಕಸ ಗುಡಿಸಿ, ದೇವರ ಪಟಕ್ಕೆ ಹೂ ಮುಡಿಸಿ, ಕೊಡ ತುಂಬಿಸಿ, ಎದುರು ಹೋಟೆಲಿನಿಂದ ಚಹಾ ತರಿಸಿಕೊಂಡು ಕುಡಿದು ಮುಗಿಸುವಷ್ಟರಲ್ಲಿ ಅದು ಕಣ್ಣು ಬಿಡುತ್ತಿತ್ತು. ಬಿಟ್ಟ ಕಣ್ಣನ್ನು ಒಮ್ಮೊಮ್ಮೆ ಮತ್ತೆ ಮುಚ್ಚಿಬಿಡುತ್ತಿತ್ತು. ಪ್ರತಿ ಆಯುಧಪೂಜೆಯಲ್ಲೂ ವಿಭೂತಿ, ಕುಂಕುಮ, ಊದುಬತ್ತಿ ಹೊಗೆ ತಪ್ಪದೆ ಸಂದಿದ್ದರಿಂದ ಅದರ ಫ್ಯಾನು ತಿರುಗಿದಾಗಲೆಲ್ಲ ಕೋಣೆಗೆ ಗುಡಿಯ ವಾಸನೆ ಬರುತ್ತಿತ್ತು.

ಒಂದು ದಿನ ಸೂರಮ್ಮ ಬಂದಳು. ಮಗ್ಗದ ಮುಂದೆ ಕೂತೂ ಕೂತೂ ಬೆನ್ನು ಬಾಗಿದ ಹೆಂಗಸು. ಮೊಮ್ಮಗಳನ್ನು ಹಾಸ್ಟೆಲಿಗೆ ಸೇರಿಸಲು ತಮ್ಮದು ನೇಕಾರರ ಮನೆ ಎಂದು ಸಂಘದಿಂದ ಪತ್ರ ಬೇಕಿತ್ತು. ದಾಕ್ಷಾಯಿಣಿ ಹೆಸರು ಬಡಿದಳು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಮಧ್ಯಾಹ್ನದವರೆಗೂ ತಿರುಗಿತು.

"ಕೈಯಾಗೇ ಬರ್ದು ಕೊಡವ್ವ," ಎಂದಳು ಸೂರಮ್ಮ.

"ಕೈಬರಹ ಹಾಸ್ಟೆಲಿನೋರು ತಗಳಲ್ವಂತೆ ಅಜ್ಜಿ. ನಾಳೆ ಬಾ."

"ಏಂ ಚೇಸೇದಿ ತಾಯಿ, ಏನ್ ಮಾಡಾದು," ಎಂದು ಗೊಣಗಿಕೊಂಡು ಮುದುಕಿ ಎದ್ದು ಹೋದಳು. ಆ ಮಧ್ಯಾಹ್ನ ದಾಕ್ಷಾಯಿಣಿಗೆ ಬುತ್ತಿ ರುಚಿಸಲಿಲ್ಲ. ಸಂಜೆಯೇ ಅಧ್ಯಕ್ಷರ ಮುಂದೆ ನಿಂತಳು.

ಅಧ್ಯಕ್ಷ ಸೋಮಶೇಖರಪ್ಪನವರು ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟವರು. ಎಲ್ಲಿ ರಿಬ್ಬನ್ನು ಕಂಡರೂ ಕತ್ತರಿ ಎಲ್ಲಿ ಎಂದು ಕೇಳುವ ಸ್ವಭಾವ. ಅವರು ಕೂಡಲೇ ಹೇಳಿದರು: "ಹೊಸಾದು ತರಾಣ. ಉದ್ಘಾಟನೆ ಇಟ್ಕಳಾಣ."

ಉಪಾಧ್ಯಕ್ಷ ಸಣ್ಣತಿಮ್ಮಪ್ಪನವರಿಗೆ ಕಂಪ್ಯೂಟರಿನ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಅಧ್ಯಕ್ಷರ ಬಗ್ಗೆ ಇತ್ತು. "ಇರೋದನ್ನೇ ರಿಪೇರಿ ಮಾಡ್ಸಿದ್ರೆ ಏನಾಗ್ತೈತ್ರಿ? ವಯಸ್ಸಾತು ಅಂತ ಮನೆ ಎತ್ತನ್ನ ಬೀದಿಗೆ ಬಿಡ್ತೀವಾ?" ಎಂದು ಸಂಘದ ಸಭೆಯಲ್ಲಿ ಎದ್ದು ನಿಂತರು.

ಸಭೆ ಎರಡಾಯಿತು. ಅರ್ಧ ಮಂದಿ ಹೊಸದರ ಕಡೆ, ಅರ್ಧ ಮಂದಿ ಎತ್ತಿನ ಕಡೆ. ಕೊನೆಗೆ ಒಂದು ಉಪಸಮಿತಿಯಾಗಿ, ಅದು ಚಳ್ಳಕೆರೆಗೆ ಹೋಗಿ ವಿಷಯ ಅಧ್ಯಯನ ಮಾಡಬೇಕೆಂದಾಯಿತು. ದಿನಾ ಕಂಪ್ಯೂಟರಿನ ಮುಂದೆ ಕೂರುವ ದಾಕ್ಷಾಯಿಣಿಯನ್ನು ಉಪಸಮಿತಿಗೆ ಸೇರಿಸಲಿಲ್ಲ, ಜೀಪಿನಲ್ಲಿ ಜಾಗವಿರಲಿಲ್ಲ.

ಉಪಸಮಿತಿ ಚಳ್ಳಕೆರೆಯಲ್ಲಿ ಊಟ ಮಾಡಿ, ಗಾಣದ ಕಡಲೆಕಾಯಿ ಎಣ್ಣೆಯ ಡಬ್ಬಿಗಳನ್ನೂ ಒಂದೊಂದು ಕಂಬಳಿಯನ್ನೂ ಕೊಂಡು, ವಾಪಸು ಹೊರಡುವಾಗ ನೆನಪಾಗಿ ಓಬಳೇಶನ ಕಂಪ್ಯೂಟರ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿತು.

"ಹಳೇದಕ್ಕೆ ಒಳಗಿನ ಡಿಸ್ಕ್ ಬದ್ಲು ಮಾಡಿ, ರ‍್ಯಾಮ್ ಹೆಚ್ಚಿಗೆ ಹಾಕ್ಸಿದ್ರೆ ಇನ್ನಷ್ಟು ವರ್ಷ ಓಡ್ತೈತೆ," ಎಂದ ಓಬಳೇಶ.

"ಹಂಗಾದ್ರೆ ಹೊಸಾದು ಬ್ಯಾಡ ಅಂತೀಯಾ?" ಎಂದರು ಅಧ್ಯಕ್ಷರು.

"ಎಲ್ಲಾದ್ರೂ ಉಂಟಾ ಸಾರ್? ಹೊಸಾದು ತಗಂಡ್ರೂ ಒಳ್ಳೇದೇ," ಎಂದ. ಎರಡೂ ಅವನ ಅಂಗಡಿಯಲ್ಲೇ ಸಿಗುತ್ತಿದ್ದವು.

ಅಧ್ಯಯನದಿಂದ ಇಬ್ಬರ ವಾದವೂ ಗಟ್ಟಿಯಾಯಿತು. ಮಾತು ಬೆಳೆದು, ಅಧ್ಯಕ್ಷರ ಡಬ್ಬಿಯ ಎಣ್ಣೆ ಉಪಾಧ್ಯಕ್ಷರ ಕಂಬಳಿಯ ಮೇಲೆ ಚೆಲ್ಲುವ ಮಟ್ಟಕ್ಕೆ ಬಂದಾಗ ಯಾರೋ ರಾಜಿ ಸೂಚಿಸಿದರು: ಅರ್ಧ ಹೊಸದು, ಅರ್ಧ ಹಳೆಯದು. ಪೆಟ್ಟಿಗೆ ಹಳೆಯದೇ ಇರಲಿ, ಪರದೆ ಮಾತ್ರ ಹೊಸದು ಬರಲಿ. ಹೇಗೂ ಜನಕ್ಕೆ ಕಾಣುವುದು ಪರದೆ ತಾನೇ?

"ಪರದೆ ಬದ್ಲಾಯ್ಸಿದ್ರೆ ಸ್ಪೀಡ್ ಬರಲ್ಲ ಸಾರ್," ಎಂದ ಓಬಳೇಶ.

"ಸ್ಪೀಡು ಆಮ್ಯಾಲೆ ನೋಡಾಣ. ಮೊದ್ಲು ಸಂಘದಾಗೆ ಒಗ್ಗಟ್ಟು ಬರ್ಲಿ," ಎಂದರು ಸಣ್ಣತಿಮ್ಮಪ್ಪ.

ಬಾಗಿಲಗಲದ ಪರದೆ ಬಂತು. ರಿಬ್ಬನ್ನು ಕತ್ತರಿಸಲಾಯಿತು. ಅಧ್ಯಕ್ಷರು ಗುಂಡಿ ಒತ್ತಿ ಭಾಷಣ ಶುರುಮಾಡಿದರು. ಚಿತ್ರ ಮೂಡುವವರೆಗೆ ಭಾಷಣ ಮುಗಿಸುವಂತಿರಲಿಲ್ಲ. ಮಗ್ಗದ ಇತಿಹಾಸ ಮುಗಿದು, ಸ್ವಂತ ಬಾಲ್ಯ ಮುಗಿದು, ಬೀಗರ ಊರಿನ ಸುದ್ದಿಗೆ ಬಂದಾಗ ಪರದೆ ಬೆಳಗಿತು. ಜನ ನಿಜವಾದ ಸಂತೋಷದಿಂದ ಚಪ್ಪಾಳೆ ತಟ್ಟಿದರು.

ಮರುದಿನದಿಂದ ಮತ್ತೆ ಅದೇ ಚಕ್ರ. ಮೊದಲು ಕಾಸಿನಗಲವಿದ್ದದ್ದು ಈಗ ರೊಟ್ಟಿಯಗಲವಾಗಿತ್ತು. ಬೀದಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. ನೇಕಾರರು ಒಳಗೆ ಬರದೆ, ಕಿಟಕಿಯಿಂದಲೇ ಇಣುಕಿ, ಚಕ್ರ ತಿರುಗುತ್ತಿದ್ದರೆ ಹಾಗೇ ಮನೆಗೆ ಹೋಗುತ್ತಿದ್ದರು.

ಸೂರಮ್ಮ ಮಾತ್ರ ಒಳಗೆ ಬಂದು ಗೋಡೆಗೆ ಒರಗಿ ಕೂತಳು. "ಹಾಸ್ಟೆಲಿನೋರು ಈ ವಾರ ಬಿಟ್ರೆ ಇಲ್ಲ ಅಂದವ್ರೆ. ಹುಡುಗಿ ಅಳ್ತಾ ಕುಂತವ್ಳೆ," ಎಂದಳು.

ದಾಕ್ಷಾಯಿಣಿ ತಿರುಗುತ್ತಿದ್ದ ಚಕ್ರವನ್ನೊಮ್ಮೆ ನೋಡಿ ಎದ್ದಳು. ನಂತರ ಅಧ್ಯಕ್ಷರ ಕೋಣೆಗೆ ಹೋಗಿ ಬಹಳ ವಿನಯದಿಂದ ಹೇಳಿದಳು: "ಸಾರ್, ವಾರ್ಷಿಕ ಸಭೆ ಬ್ಯಾನರಿಗೆ ನಿಮ್ಮ ಫೋಟೊ ಹಾಕ್ಬೇಕು. ದೊಡ್ಡ ಪರದೆ ಮ್ಯಾಲೆ ನೀವೇ ನೋಡಿ ಹೇಳ್ರಿ."

ಅಧ್ಯಕ್ಷರು ತಲೆ ಬಾಚಿಕೊಂಡು ಬಂದರು. ಅವರು ಬಂದರೆಂದು ಉಪಾಧ್ಯಕ್ಷರೂ ಬಂದರು. ಕಿಟಕಿಯ ತುಂಬ ನೇಕಾರರು ಕೂಡಿದರು. ಫೋಟೊ ಮೇಲಿನಿಂದ ಇಳಿಯತೊಡಗಿತು. ಮೊದಲು ನೀಲಿ ಆಕಾಶ. ಆಮೇಲೆ ಬಣ್ಣ ಹಾಕಿಸಿದ ಕೂದಲು. ಆಮೇಲೆ ಹಣೆ, ಮೂರು ಗೆರೆ ವಿಭೂತಿ. ಅಲ್ಲಿಗೆ ನಿಂತಿತು. ಬಾಗಿಲಗಲದ ಪರದೆಯ ತುಂಬ ಅಧ್ಯಕ್ಷರ ಹಣೆ; ಅದರ ಮಧ್ಯೆ ಚಕ್ರ.

"ಇನ್ನೂ ಮಖ ಬಂದಿಲ್ವಲ್ಲೋ," ಎಂದಿತು ಕಿಟಕಿಯ ಒಂದು ದನಿ.

ಸಣ್ಣತಿಮ್ಮಪ್ಪ ನಗು ತಡೆಯಲಾರದೆ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. "ನನ್ದು ಹಾಕವ್ವ, ಚಿಕ್ಕ ಫೋಟೊ ಐತೆ, ಬೇಗ ಬರ್ತೈತೆ," ಎಂದರು. ದಾಕ್ಷಾಯಿಣಿ ಹಾಕಿದಳು. ಅವರದು ಹುಬ್ಬಿನವರೆಗೆ ಬಂತು. ಕಿಟಕಿಯಲ್ಲಿ ನಗೆ ಎದ್ದಿತು.

ಸಂಘದ ಚರಿತ್ರೆಯಲ್ಲಿ ಮೊದಲ ಬಾರಿಗೆ ಅಧ್ಯಕ್ಷರೂ ಉಪಾಧ್ಯಕ್ಷರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಂತಲ್ಲೇ ತೀರ್ಮಾನವಾಯಿತು. ಇಬ್ಬರ ಮಾತೂ ನಡೆಯಬೇಕಾದ್ದರಿಂದ ಎರಡೂ ಆಯಿತು: ಹಳೆಯದಕ್ಕೆ ರಿಪೇರಿ, ಜೊತೆಗೆ ಹೊಸದೊಂದು. ಓಬಳೇಶ ಚಳ್ಳಕೆರೆಯಿಂದ ಮೊದಲ ಬಸ್ಸಿಗೇ ಬಂದ. ಹಳೆಯ ಪೆಟ್ಟಿಗೆ ಬಿಚ್ಚಿ, ಒಂದು ಬೊಗಸೆ ವಿಭೂತಿ ತೆಗೆದು ಕಾಗದದಲ್ಲಿ ಕಟ್ಟಿಕೊಟ್ಟು, ಹೊಸ ಡಿಸ್ಕ್ ಕೂರಿಸಿದ.

ದಾಕ್ಷಾಯಿಣಿ ಗುಂಡಿ ಒತ್ತಿ ಪೊರಕೆ ತರಲು ಎದ್ದಳು. ತಿರುಗಿ ನೋಡಿದರೆ ಪರದೆ ಆಗಲೇ ಬೆಳಗಿತ್ತು. ಅವಳಿಗೆ ಯಾಕೋ ಗಾಬರಿಯಾಯಿತು, ಆಮೇಲೆ ನಗು ಬಂತು. ಸೂರಮ್ಮ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಪತ್ರ ಹೊರಬಿತ್ತು. ಮುದುಕಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇಷ್ಟು ಜಲ್ದಿ ಬಂದೈತೆ, ಅಸಲಿನಾ ಇದು? ಇನ್ನೊಂದು ಸೀಲ್ ಹಾಕವ್ವ."

ದಾಕ್ಷಾಯಿಣಿ ಇನ್ನೊಂದು ಸೀಲು ಒತ್ತಿದಳು. ಸೂರಮ್ಮ ಪತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ನಿಲ್ದಾಣದ ಕಡೆ ಸರಸರನೆ ನಡೆದಳು. ಮೊಮ್ಮಗಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು.

ಹೊಸ ಕಂಪ್ಯೂಟರ್ ಅಧ್ಯಕ್ಷರ ಕೋಣೆ ಸೇರಿತು. ಅದರ ಮೇಲೆ ಕೆಂಪಂಚಿನ ರೇಷ್ಮೆ ವಸ್ತ್ರ ಹೊದಿಸಿದರು. ಅಧ್ಯಕ್ಷರು ಈಚೆ ಕುರ್ಚಿಯಲ್ಲಿ, ಉಪಾಧ್ಯಕ್ಷರು ಆಚೆ ಕುರ್ಚಿಯಲ್ಲಿ ಕೂತು ದಿನಾ ಅದನ್ನು ನೋಡುತ್ತಿದ್ದರು. ಬೇಗ ಕೆಲಸ ಮುಗಿಸಿದ ದಾಕ್ಷಾಯಿಣಿ ಸುಮ್ಮನೆ ಕೂತದ್ದು ಕಣ್ಣಿಗೆ ಬಿದ್ದು, ಅದರ ಧೂಳು ಒರೆಸುವ ಕೆಲಸವನ್ನೂ ಅವಳಿಗೇ ವಹಿಸಿದರು.

ಒಂದು ದಿನ ಒರೆಸುತ್ತಾ ಅವಳು ಕೇಳಿದಳು: "ಸಾರ್, ಇದನ್ನ ಒಂದ್ಸಲ ಆನ್ ಮಾಡ್ಲೇನ್ರಿ?"

ಇಬ್ಬರೂ ಒಟ್ಟಿಗೇ ಕೈ ಎತ್ತಿದರು.

"ಬ್ಯಾಡ ಬ್ಯಾಡ! ಹಳೇದಾಗಿಬಿಡ್ತೈತೆ!"