ಬೆಟ್ಟ ಕೂಗಿದ ಹೆಸರು

ಮಾಯಮ್ಮ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆಂದು ಮದುವೆಯಲ್ಲಿ ತಾಯಿ ಹೇಳಿ ಕಳಿಸಿದ್ದಳು. ಅದೇನೂ ಕಷ್ಟವಾಗಿರಲಿಲ್ಲ. ಕಷ್ಟ ಶುರುವಾದದ್ದು ಹೊಲದಲ್ಲಿ ಬೋರು ಕೊರೆಸಿದ ಮೇಲೆ, ಏಕೆಂದರೆ ಗಂಡನ ಹೆಸರು ಬೋರಯ್ಯ. ಊರೆಲ್ಲ ಬೋರು, ಬೋರು ಎನ್ನುತ್ತಿದ್ದರೆ ಇವಳು ಮಾತ್ರ ‘ಪೈಪಿನ ಬಾವಿ’ ಎನ್ನುತ್ತಿದ್ದಳು. ನಗುವವರು ನಗಲಿ, ಅವಳಿಗೇನು!

ಆ ಡಿಸೆಂಬರಿನಲ್ಲಿ ಮಗಳು ಸುನಿತಾ ರಜೆಗೆಂದು ಪಾಂಡವಪುರದ ಪಕ್ಕದ ತನ್ನೂರಿಗೆ ಬಂದಳು. ಮೈಸೂರಿನ ಶಾಲೆಯೊಂದರಲ್ಲಿ ಟೀಚರು. ಬಂದಾಗಿನಿಂದ ಅವರೆಕಾಯಿ ಸುಲಿದದ್ದೇ ಸುಲಿದದ್ದು.

“ಬೋರಾಯ್ತದೆ ಕಣವ್ವ. ನಾಳೆ ಬೆಳಿಗ್ಗೆ ಕುಂತಿಬೆಟ್ಟ ಹತ್ತುವಾ,” ಎಂದಳು.

“ಅಪ್ಪನ ಹೆಸ್ರಿಡ್ಕಂಡು ಅಂಗೆಲ್ಲಾ ಅನ್ಬೇಡ ಕಣೆ!” ಎಂದು ಮಾಯಮ್ಮ ಗದರಿದಳು.

ಜಗಲಿಯಲ್ಲಿದ್ದ ಬೋರಯ್ಯ ಗಹಗಹಿಸಿ ನಕ್ಕ. “ನಾನೂ ಬತ್ತೀನಿ.”

ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ನು ಸಂಕ್ರಾಂತಿ ಕಳೀಲಿ ಎಂದು ಮುಂದೂಡುತ್ತಲೇ ಇದ್ದ. ಬೇಡವೆಂದರೆ, “ಆ ಬೆಟ್ಟದ ಮ್ಯಾಲೇ ದನ ಕಾಯ್ಕಂಡು ಬೆಳ್ದೋನು ನಾನು, ಅದ್ಕೆ ಕಣ್ಯಾಕೆ?” ಎಂದ. ಹಟ ಹಿಡಿದ ಮೇಲೆ ಅವನನ್ನು ಕೂರಿಸಲು ದೇವರಿಂದಲೂ ಆಗದು.

ಮಾರನೆಯ ಬೆಳಿಗ್ಗೆ ಮೂವರೂ ಹೊರಟರು. ಮಂಜು ಎಷ್ಟೆಂದರೆ ಮುಂದೆ ನಡೆಯುವವರ ಕೆಮ್ಮು ಕೇಳುತ್ತಿತ್ತೇ ಹೊರತು ಬೆನ್ನು ಕಾಣುತ್ತಿರಲಿಲ್ಲ. ಬೆಟ್ಟದ ಬುಡದಲ್ಲೇ ಬಾಳಿದ ಮಾಯಮ್ಮ ಹುಲ್ಲು ಕೊಯ್ಯಲು ಅರ್ಧದವರೆಗೆ ಬಂದಿದ್ದಳೇ ವಿನಾ ನೆತ್ತಿ ಕಂಡವಳಲ್ಲ. ಏದುಸಿರು ಬಿಡುತ್ತ ಕೊನೆಯ ಬಂಡೆ ಹತ್ತಿದಾಗ ತಲೆ ಮಂಜಿನಿಂದ ಆಚೆಗೆ ಬಂತು.

ಊರೇ ಇರಲಿಲ್ಲ. ಹೊಲ, ರಸ್ತೆ, ಕೆರೆ ಒಂದೂ ಇರಲಿಲ್ಲ. ಕಣ್ಣು ಹಾಯುವಷ್ಟೂ ಅರಳೆ ಹರಡಿದಂತೆ ಬಿಳುಪು, ಅದರೊಳಗಿಂದ ಸಕ್ಕರೆ ಕಾರ್ಖಾನೆಯ ಚಿಮಣಿಯ ತುದಿ, ಎದುರಿಗೆ ಬೆಟ್ಟದ ಇನ್ನೊಂದು ಬಂಡೆ. ಸೂರ್ಯ ಮೂಡಿದಾಗ ಆ ಬಿಳುಪೆಲ್ಲ ಕೆಂಪಾಯಿತು. ಇಷ್ಟು ದೊಡ್ಡದು ತನ್ನ ಹಿತ್ತಲಲ್ಲೇ ದಿನಾ ನಡೆಯುತ್ತಿತ್ತೇ? ತಾನು ಆ ಹೊತ್ತಿನಲ್ಲಿ ಕೆಳಗೆ ಕಸ ಗುಡಿಸುತ್ತಿದ್ದೆನೇ? ಮಾಯಮ್ಮನಿಗೆ ಹೆದರಿಕೆಯೂ ಆಯಿತು, ಸಂತೋಷವೂ ಆಯಿತು. ಕಣ್ಣು ಮುಚ್ಚಿದವು, ಕೈಗಳು ತಾವಾಗಿಯೇ ಮುಗಿದುಕೊಂಡವು.

ಕಣ್ಣು ಬಿಡುವಷ್ಟರಲ್ಲಿ ಮಂಜು ಮತ್ತೆ ಮೇಲೆದ್ದು ಎಲ್ಲವನ್ನೂ ನುಂಗಿತ್ತು. ಪಕ್ಕದಲ್ಲಿ ಗಂಡನಿರಲಿಲ್ಲ. ದನಕ್ಕೆ ನೀರು ಕುಡಿಸುತ್ತಿದ್ದ ಬಂಡೆಯ ದೊಣೆ ನೋಡಿ ಬರುತ್ತೇನೆಂದು ಅವನು ಗೊಣಗಿದ್ದು ಈಗ ನೆನಪಾಯಿತು.

“ಅಪ್ಪಾ!” ಎಂದು ಸುನಿತಾ ಕೂಗಿದಳು.

“ಅಪ್ಪಾ!” ಎಂದಿತು ಎದುರು ಬಂಡೆ.

“ಬಂದೆ ಕಣವ್ವಾ,” ಎಂದು ಬೋರಯ್ಯನ ದನಿ ಕೇಳಿತು. ಸುನಿತಾ ಮತ್ತೆ ಕೂಗಿದಳು. “ಬಂದೇ…” ಈ ಸಲ ದನಿ ಇನ್ನೂ ದೂರದಲ್ಲಿತ್ತು.

ಮಾಯಮ್ಮನಿಗೆ ತಟ್ಟನೆ ಹೊಳೆಯಿತು. ಅವನು ಮಗಳ ಕಡೆಗಲ್ಲ, ಬಂಡೆಯ ಮಾರ್ದನಿಯ ಕಡೆಗೆ ನಡೆಯುತ್ತಿದ್ದ. ಎರಡು ಬಂಡೆಗಳ ನಡುವೆ ಇದ್ದದ್ದು ಪ್ರಪಾತ.

“ಕೂಗ್ಬೇಡ!” ಎಂದು ಮಗಳ ಬಾಯಿ ಮುಚ್ಚಿದಳು. ತಾನೇ ಕೂಗಿದಳು: “ಇಗಾ, ನಿಂತ್ಕಳಿ! ಮುಂದಕ್ಕೋಗ್ಬೇಡಿ!” ಮಾತೆಲ್ಲ ಬಂಡೆಗೆ ಬಡಿದು, ಒಂದರ ಮೇಲೊಂದು ಬಿದ್ದು, ಕಲಸಿಹೋಯಿತು. ಅತ್ತ ಕಲ್ಲೊಂದು ಉರುಳಿದ ಸದ್ದು. ಅದು ಉರುಳುತ್ತಲೇ ಹೋಯಿತು, ನೆಲ ಮುಟ್ಟಿದ್ದು ಕೇಳಲಿಲ್ಲ.

ಆಯಸ್ಸು ಹೋಗುತ್ತದೆಂಬ ತಾಯಿಯ ಮಾತು ನೆನಪಿಗೆ ಬಂತು. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ರೂಢಿಯಿಲ್ಲದ ಹೆಸರು, ಅರ್ಧಕ್ಕೇ ಉಸಿರು ಕಟ್ಟಿತು.

“ಬೋರಾ!”

ಬೆಟ್ಟ ಅದನ್ನು ಎತ್ತಿಕೊಂಡಿತು. ಎದುರು ಬಂಡೆ ಕೂಗಿತು, ಅದರಾಚೆಯದು ಕೂಗಿತು, ಎಲ್ಲೋ ಕೆಳಗಿನಿಂದ ಮತ್ತೊಮ್ಮೆ ಬಂತು. ಇಷ್ಟು ವರ್ಷ ನಾಲಗೆಯ ಕೆಳಗಿಟ್ಟುಕೊಂಡಿದ್ದ ಹೆಸರು ಆಕಾಶದ ತುಂಬ ಓಡಾಡಿತು. ಮಾಯಮ್ಮ ಕೇಳುತ್ತ ನಿಂತಳು. ಆಮೇಲೆ ಎಲ್ಲ ನಿಶ್ಶಬ್ದ.

ಗಾಳಿ ಬೀಸಿ ಮಂಜು ಹರಿಯಿತು. ಬೋರಯ್ಯ ಬಂಡೆಯ ಅಂಚಿನಲ್ಲಿ ನೆಟ್ಟ ಕಲ್ಲಿನ ಹಾಗೆ ನಿಂತಿದ್ದ. ಸುನಿತಾ ಓಡಿಹೋಗಿ ರಟ್ಟೆ ಹಿಡಿದು ಎಳೆದು ಕೂರಿಸಿದಳು.

“ನಮ್ಮವ್ವ ಕರ್ದಂಗಾಯ್ತು,” ಎಂದ ಅವನು, ಮಗುವಿನ ದನಿಯಲ್ಲಿ. “ದನ ಬುಟ್ಟು ಆಡ್ಕಂಡಿದ್ರೆ ಕೆಳಗಿಂದ ಇಂಗೇ ಕೂಗೋಳು. ಅವ್ಳು ಸತ್ಮೇಲೆ ಬೋರಾ ಅಂತ ಯಾರೂ ಕರ್ದೇ ಇಲ್ಲ. ಕಾಲೇ ಏಳ್ನಿಲ್ಲ ಕಣವ್ವ. ಯಾರು ಕೂಗಿದ್ದು?”

ಸುನಿತಾ ತಾಯಿಯತ್ತ ನೋಡಿದಳು. ಹಿಂದೆಯೇ ಬಂದಿದ್ದ ಮಾಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

“ಬೆಟ್ಟ ಕೂಗ್ತು, ಬುಡಿ,” ಎಂದಳು ಕೊನೆಗೆ.

ಬೋರಯ್ಯ ಮಸುಕುಗಣ್ಣಿನಿಂದ ಅವಳ ಮುಖವನ್ನೇ ನೋಡಿದ.

“ಅಂಗಾರೆ ಬೆಟ್ಟಕ್ಕೆ ಯೋಳು, ಇನ್ನೊಂದ್ಸಲ ಕೂಗ್ಲಿ.”