ಮಂತ್ರಿ ಬರೆದ ಉತ್ತರ

"ಪೋಸ್ಟೇ ಇಲ್ಲ ಸಾರ್. ನಿನ್ನೆವರೆಗೂ ಇತ್ತು" ಎಂದು ನಿಶ್ಚಿತಾ ಫೋನನ್ನು ಯಜ್ಞೇಶರ ಕೈಗೆ ಕೊಟ್ಟಳು.

ಅವಳ ಅಣ್ಣ ವೀರೇಶ ಸರಕು ಹಡಗಿನಲ್ಲಿ ಫಿಟ್ಟರ್. ತನ್ನ ಕಡಲ ಗಡಿ ಮೀರಿತೆಂದು ದೂರದ ದೇಶವೊಂದು ಆ ಹಡಗನ್ನು ಹಿಡಿದು, ಸಿಬ್ಬಂದಿಯನ್ನು ಬಂದರಿನಲ್ಲೇ ಕೂರಿಸಿತ್ತು. ನರಸಿಂಹರಾಜಪುರದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದ ನಿಶ್ಚಿತಾ, ಗಿರಾಕಿಗಳಿಲ್ಲದ ಹೊತ್ತಲ್ಲಿ ಆ ದೇಶದ ವಿದೇಶಾಂಗ ಮಂತ್ರಿಗೆ ಎಕ್ಸ್‌ನಲ್ಲಿ ಬರೆದಿದ್ದಳು. ಮಂತ್ರಿಯೇ ಉತ್ತರಿಸಿದ್ದ: 'ನಿಮ್ಮ ಅಣ್ಣನ ಮೇಲೆ ನಮಗೆ ದೂರಿಲ್ಲ. ತಿಂಗಳೊಳಗೆ ಎಲ್ಲರನ್ನೂ ಮನೆಗೆ ಕಳಿಸುತ್ತೇವೆ.' ಸಾವಿರಾರು ಜನ ಅದನ್ನು ಮೆಚ್ಚಿದ್ದರು. ತಿಂಗಳು ಕಳೆದರೂ ವೀರೇಶ ಬರಲಿಲ್ಲ. ಈಗ ಮಂತ್ರಿಯ ಆ ಉತ್ತರವೂ ಅಳಿಸಿಹೋಗಿತ್ತು.

ಯಜ್ಞೇಶ ಕೊಪ್ಪದವರು, ಕಾನೂನು ಕಾಲೇಜಿನ ಮೇಷ್ಟ್ರು; ಹಡಗಿನ ಕೇಸಿಗೆ ನೆರವಾಗುತ್ತಿದ್ದರು. "ಸ್ಕ್ರೀನ್‌ಶಾಟ್ ಉಂಟಲ್ಲ, ಸಾಕು. ಹಡಗು ಯಾವ ದೇಶದ ಧ್ವಜದಡಿ ರಿಜಿಸ್ಟರ್ ಆಗಿದೆಯೋ ಆ ದೇಶ ಕೇಸು ಹಾಕ್ತಾ ಇದೆ. ಮಂತ್ರಿ ಬಾಯಲ್ಲಿ ಆಡಿದ ಮಾತೂ ದೇಶವನ್ನ ಕಟ್ಟಿಹಾಕ್ತದೆ ಅಂತ ಅಂತರರಾಷ್ಟ್ರೀಯ ಕೋರ್ಟು ಹಿಂದೆ ಹೇಳಿದ್ದುಂಟು. ಫೋನಲ್ಲಿ ಬರೆದದ್ದಕ್ಕೂ ಹಾಗೇ ಹೇಳಿದ್ರೆ ಮುಂದೆ ಎಷ್ಟೋ ಜನಕ್ಕೆ ದಾರಿ. ನೀವು ಸಾಕ್ಷಿ ಹೇಳ್ಬೇಕು" ಎಂದರು. ನಿಶ್ಚಿತಾ ಒಪ್ಪಿದಳು.

ಆ ವಾರವೇ ದೆಹಲಿಯಿಂದ, ಬಿಡುಗಡೆಯ ಮಾತುಕತೆಯ ಮಧ್ಯೆ ಇದ್ದವರೊಬ್ಬರು ಫೋನ್ ಮಾಡಿದರು. ಮಂತ್ರಿಯ ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದರೆಂದು ಆ ದೇಶ ಹೇಳುತ್ತಿದೆ. ಅದು ನಿಜವೆಂದು ನಿಶ್ಚಿತಾ ಎಲ್ಲರೆದುರು ಬರೆದರೆ ಅವರ ಮರ್ಯಾದೆ ಉಳಿಯುತ್ತದೆ, ಸಿಬ್ಬಂದಿಯನ್ನು ಬಿಡುತ್ತಾರೆ ಎಂದರು.

"ಸುಳ್ಳು ಅಂತ ಗೊತ್ತಿದ್ದೂ ಬರೀಬೇಕಲ್ಲಮ್ಮ" ಎಂದಳು ನಿಶ್ಚಿತಾ.

ತಾಯಿ ವೀರಬಸಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಮುಂದಿನೋರ ದಾರಿ ಮುಂದಿನೋರು ನೋಡ್ಕೊಳ್ಲಿ ಮಾರಾಯ್ತಿ. ನಂಗೆ ಹುಡುಗ ಬೇಕು."

ಬರೆಯುವ ಮೊದಲು ನಿಶ್ಚಿತಾ ಯಜ್ಞೇಶರಿಗೆ ಫೋನ್ ಮಾಡಿದಳು. ಅವರು ದೆಹಲಿಯವರ ಮಾತನ್ನು ಎರಡು ಸಲ ಹೇಳಿಸಿ ಕೇಳಿದರು. ಆಮೇಲೆ "ಹಾಕಿ" ಎಂದರು.

ಅವಳು ಹಾಕಿದಳು. ಆಮೇಲೆ ಸಿಬ್ಬಂದಿ ಬಿಡುಗಡೆಯಾಯಿತು, ಕೇಸು ಅಲ್ಲಿಗೇ ನಿಂತಿತು. ಕೆಲವರು ಅವಳನ್ನು ಪ್ರಚಾರದ ಹುಚ್ಚಿನವಳೆಂದು ಬೈದು ಬರೆದರು. ಅವಳು ಯಾರಿಗೂ ಉತ್ತರಿಸಲಿಲ್ಲ.

ವೀರೇಶ ಬಂದ ಮೇಲೆ ಯಜ್ಞೇಶ ನೋಡಲು ಬಂದರು. ಸೊರಗಿದ್ದ ಅವನಿಗೆ ನಡೆದದ್ದು ಪೂರ್ತಿ ತಿಳಿದಿರಲಿಲ್ಲ. ಜಗಲಿಯಲ್ಲಿ ತಂಗಿ ಹಲಸಿನ ಹಣ್ಣು ಬಿಡಿಸುತ್ತಿದ್ದಳು.

"ದೇಶ ದೇಶದ ಮಧ್ಯದ ಕಾನೂನು ಕಲಿಸ್ತೀರಂತೆ. ಅದನ್ನ ಯಾರು ಬರೀತಾರೆ ಸಾರ್?" ಎಂದು ವೀರೇಶ ಕೇಳಿದ.

"ಒಬ್ರು ಕೂತು ಬರೆಯೋದಲ್ಲ. ದೇಶಗಳು ಮಾಡಿದ್ದು, ಆಡಿದ್ದು, ಆಡದೆ ಬಿಟ್ಟಿದ್ದು... ಎಲ್ಲ ಸೇರಿ ನಿಧಾನಕ್ಕೆ ಆಗ್ತದೆ."

ನಿಶ್ಚಿತಾ ಬೆರಳಿಗಂಟಿದ್ದ ಮೇಣವನ್ನು ಎಣ್ಣೆ ಹಚ್ಚಿ ತಿಕ್ಕತೊಡಗಿದಳು. ತೊಳೆಗಳ ತಟ್ಟೆಯನ್ನು ಮೊಣಕೈಯಿಂದಲೇ ಮೆಲ್ಲಗೆ ಮೇಷ್ಟ್ರ ಕಡೆ ಸರಿಸಿದಳು.