ಮಡಚುವ ಸೀಟು

ಪರಮೇಶ ಕ್ವಾಲಿಸ್ ಗಾಡಿ ಕೊಂಡ ಮೇಲೆ ಶಿವಮೊಗ್ಗದ ರವೀಂದ್ರನಗರದಲ್ಲಿ ಅವನ ಕೈಗೆ ಸಿಕ್ಕವರ ಗತಿ ಯಾರಿಗೂ ಬೇಡ. ಹಾಲು ತರಲು ಹೊರಟವರನ್ನೂ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ತೋರಿಸುತ್ತಿದ್ದ.

"ಈ ಪಟ್ಟಿ ಎಳೆದ್ರೆ ಸೀಟು ಕೆಳಗೆ ಬರುತ್ತೆ. ಬೇಡ ಅಂದ್ರೆ ಮಡಚಿ ಸಿಗಿಸಿ ಲಗೇಜ್ ಹಾಕ್ಬಹುದು. ಸಣ್ಣ ಕಾರು ತಗೊಂಡು ಅರ್ಧ ಸಂಸಾರನ ಬಸ್ಸಿಗೆ ಹತ್ತಿಸೋದು ಯಾವ ಸೀಮೆ ಪ್ರವಾಸ ಮಾರಾಯ? ಮನೆಮಂದಿಯೆಲ್ಲ ಒಟ್ಟಿಗೆ ಹೋಗ್ಬೇಕು."

ಮಾತೇನೋ ಸರಿಯಾಗಿಯೇ ಇತ್ತು. ಆಡಿದವನು ಹಾಗೆ ನಡೆದುಕೊಳ್ಳಲಿಲ್ಲ, ಅಷ್ಟೆ.

ಮೊದಲ ಪ್ರವಾಸ ಕೆಮ್ಮಣ್ಣುಗುಂಡಿಗೆ. ಹೆಂಡತಿ ಯಶೋಧರಾ, ಇಬ್ಬರು ಮಕ್ಕಳು, ಅತ್ತೆ, ಮಾವ. ದಾರಿಯಲ್ಲೇ ಭದ್ರಾವತಿಯ ನ್ಯೂ ಟೌನ್. ಅಲ್ಲಿ ಅಕ್ಕ ಹೂವಮ್ಮನ ಮನೆ. ತಾಯಿ ಸತ್ತ ಮೇಲೆ ಪರಮೇಶನನ್ನು ಸಾಕಿ ಓದಿಸಿದವಳು ಅವಳು. ಅವಳ ಗಂಡ ಬಂಗಾರಪ್ಪ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇವನಿಗೊಂದು ಮೂಲೆ ಬಿಟ್ಟುಕೊಟ್ಟಿದ್ದ. "ಗಾಡಿ ತಗೊಂಡ್ರೆ ಮೊದಲು ನಿನ್ನನ್ನೇ ಕೂರಿಸ್ಕೊಂಡು ಹೋಗ್ತೀನಕ್ಕ" ಎಂದು ಆ ಮೂಲೆಯಲ್ಲಿ ಕೂತು ಎಷ್ಟು ಸಲ ಹೇಳಿದ್ದನೋ. ಈಗ ಹೊಸ ಗಾಡಿಗೆ ಅವಳೇ ಆರತಿ ಎತ್ತಬೇಕೆಂದು ಫೋನು ಮಾಡಿ ಹೇಳಿಯೂ ಇದ್ದ.

ಆದರೆ ಹೂವಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಶಿವಮೊಗ್ಗ ತಲುಪುವಷ್ಟರಲ್ಲೇ ಕಿಟಕಿಯಿಂದ ತಲೆ ಹೊರಹಾಕುವವಳು. ಇನ್ನು ಘಾಟಿಯ ತಿರುವುಗಳಲ್ಲಿ ಕೇಳಬೇಕೆ? ಸೀಟಿನ ಪ್ಲಾಸ್ಟಿಕ್ ಕವರನ್ನೇ ತೆಗೆಯಲು ಮನಸ್ಸು ಬಾರದ ಪರಮೇಶನಿಗೆ ಅದನ್ನು ನೆನೆದರೆ ಜೀವ ಹೋಗುತ್ತಿತ್ತು. ಸಾಲದ್ದಕ್ಕೆ ಮಾವ ನಾಗಯ್ಯ ರಿಟೈರಾದ ತಹಶೀಲ್ದಾರರು. ಅವರೆದುರು ಅದೆಲ್ಲ ಬೇಡವೆನಿಸಿತು.

ನ್ಯೂ ಟೌನ್ ಮುಟ್ಟಿದವನೇ ನೇರ ಅಡುಗೆಮನೆಗೆ ಹೋದ. ಗೌರಿಹಬ್ಬಕ್ಕೆ ಅವನೇ ಕೊಡಿಸಿದ್ದ ಸೀರೆಯುಟ್ಟು ಹೂವಮ್ಮ ಚಿತ್ರಾನ್ನ ಕಲಸುತ್ತಿದ್ದಳು.

"ಅಕ್ಕ, ಹಿಂದಿನ ಸೀಟು ಇನ್ನೂ ಹಾಕಿಸಿಲ್ಲ. ಮುಂದೆ ಎಲ್ಲ ಭರ್ತಿ ಆಗ್ಬಿಟ್ಟಿದೆ. ಇನ್ನೊಂದ್ಸಲ ಕರ್ಕೊಂಡು ಹೋಗ್ತೀನಿ" ಎಂದ, ಮೆಲ್ಲಗೆ.

ಅವಳ ಕೈ ಒಂದು ಗಳಿಗೆ ನಿಂತಿತು. "ಆಗ್ಲಿ ಬಿಡಪ್ಪ. ಗಾಡಿ ಎಲ್ಲಿಗೆ ಹೋಗುತ್ತೆ" ಎಂದು ಚಿತ್ರಾನ್ನವನ್ನು ಡಬ್ಬಿಗೆ ತುಂಬಿದಳು.

ಹೊರಗೆ ಬಂದು ಆರತಿ ಎತ್ತಿದಳು. ಚಕ್ರಗಳ ಕೆಳಗೆಲ್ಲ ನಿಂಬೆಹಣ್ಣಿಟ್ಟಳು. ಒಂದು ಹಣ್ಣು ಅವಳ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ನಾಗಯ್ಯ ಡಬ್ಬಿ ಇಡಲೆಂದು ಹಿಂದಿನ ಬಾಗಿಲು ತೆಗೆದರು.

"ನೀವು ಹೇಳ್ತಿದ್ದ ಪಟ್ಟಿ ಇದೇ ಅಲ್ವಾ ಅಳಿಯಂದ್ರೆ?" ಎಂದು ಎಳೆದೇಬಿಟ್ಟರು. ಸೀಟು ದಡಕ್ಕನೆ ಕೆಳಗಿಳಿದು ಕೂತಿತು.

"ಇಷ್ಟು ಜಾಗ ಇದೆಯಲ್ಲ. ನೀವೂ ಬನ್ನಿ ಅತ್ತಿಗೆ" ಎಂದಳು ಏನೂ ಅರಿಯದ ಯಶೋಧರಾ.

ಹೂವಮ್ಮ ಸೀಟನ್ನು ನೋಡಿದಳು, ಆಮೇಲೆ ತಮ್ಮನನ್ನು. ಪರಮೇಶನಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು.

"ನಂಗೆ ಗಾಡಿ ಆಗಲ್ಲಮ್ಮ. ಅವನು ಎಷ್ಟೋ ಕರೆದ, ನಾನೇ ಬರಲ್ಲ ಅಂದೆ" ಎಂದ ಹೂವಮ್ಮ, ಕೈಯಲ್ಲಿದ್ದ ನಿಂಬೆಹಣ್ಣನ್ನು ಯಶೋಧರಾಳಿಗೆ ಕೊಟ್ಟಳು. "ಘಾಟೀಲಿ ಮಕ್ಕಳಿಗೆ ಹೊಟ್ಟೆ ತೊಳಸಿದ್ರೆ ಮೂಸೋಕೆ ಕೊಡು."

ಬಾ ಅಕ್ಕ ಎನ್ನಲು ಆಗಲೂ ಹೊತ್ತು ಮೀರಿರಲಿಲ್ಲ. ಆದರೆ ಕರೆದರೆ ಸುಳ್ಳು ಬಯಲಾಗುತ್ತದಲ್ಲ. ಪರಮೇಶ ಹೋಗಿ ಸ್ಟಿಯರಿಂಗ್ ಹಿಡಿದ.

ತರೀಕೆರೆ ಹತ್ತಿರ ಬಂತು. ಯಶೋಧರಾ ನಿಂಬೆಹಣ್ಣನ್ನು ತಿರುಗಿಸಿ ನೋಡುತ್ತಾ, "ಅತ್ತಿಗೆ ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ವಂತೆ ಕಣ್ರೀ. ಕಾಫೀನೂ ಮುಟ್ಟಿಲ್ಲ ಅಂತ ಹೊರಡೋವಾಗ ಬಂಗಾರಪ್ಪಣ್ಣ ಹೇಳಿದ್ರು. ಖಾಲಿ ಹೊಟ್ಟೇಲಿದ್ರೆ ವಾಂತಿ ಆಗಲ್ವಂತೆ. ಬರಲ್ಲ ಅಂದೋರು ಯಾಕೆ ಉಪವಾಸ ಇದ್ರು?" ಎಂದಳು.

ಪರಮೇಶ ಗಾಡಿಯನ್ನು ರಸ್ತೆಯಂಚಿಗೆ ಇಳಿಸಿ ನಿಲ್ಲಿಸಿದ. "ಅವಳು ಬರಲ್ಲ ಅನ್ಲಿಲ್ಲ. ಸೀಟಿಲ್ಲ ಅಂತ ನಾನೇ ಸುಳ್ಳು ಹೇಳ್ದೆ" ಎಂದ. ನಾಗಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. ನಾಚಿಕೆಯಿಂದ ಪರಮೇಶನ ಕಿವಿ ಸುಡುತ್ತಿತ್ತು. ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಹೊರಟ.

ಹೂವಮ್ಮ ಬಾಗಿಲ ಹತ್ತಿರವೇ ಕೂತಿದ್ದಳು. ಹಬ್ಬದ ಸೀರೆ ಬಿಚ್ಚಿಟ್ಟು ಹಳೆಯದು ಉಟ್ಟಿದ್ದಳು. ಮುಂದಿನ ತಟ್ಟೆಯಲ್ಲಿ ಚಿತ್ರಾನ್ನ ಮುಗಿಯುತ್ತಾ ಬಂದಿತ್ತು.

"ಏನೋ, ಏನಾದ್ರೂ ಮರೆತು ಹೋಗಿದ್ಯಾ?"

"ಸೀಟು ಇತ್ತಕ್ಕ" ಎಂದ ಪರಮೇಶ. "ಬಾ, ಹೋಗೋಣ."

"ನೋಡಿದ್ನಲ್ಲೋ." ಅವಳು ಎಂಜಲು ಕೈಯನ್ನು ತಟ್ಟೆಯ ಅಂಚಿಗೆ ಒರೆಸಿಕೊಂಡಳು. ದನಿಯಲ್ಲಿ ಕೋಪವಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಈಗ ಹೊಟ್ಟೆ ತುಂಬಾ ತಿಂದ್ಬಿಟ್ಟೆ, ಬರೋಕಾಗಲ್ಲ. ಮುಂದಿನ ಸಲ ಹಿಂದಿನ ದಿನಾನೇ ಹೇಳ್ಬಿಡಪ್ಪ, ಏನೂ ತಿನ್ನದೆ ಇರ್ತೀನಿ."